ಆರುನೂರ ಹನ್ನೆರಡು ಸುಣ್ಣ

ಗದ್ದುಗೆಮನೆ, ಹೆಗ್ಗದ್ದೆ
11 ನವೆಂಬರ್ 2024

ದಯಾನಂದ ಅವರಿಗೆ ವಿಶಾಲಮ್ಮನ ಶರಣು.

ನೀವು ಬಸ್ಸು ಹತ್ತಿದ ಮರುದಿನ ಗದ್ದುಗೆಯ ಹಿಂದಿನ ಕಾಲುವೆಯಲ್ಲಿ ನಿಮ್ಮ ಅಳತೆ ಟೇಪು ಸಿಕ್ಕಿತು. ಒರೆಸಿ ಒಣಗಿಸಿ ಈ ಕಾಗದದ ಜೊತೆ ಕಳಿಸಿದ್ದೇನೆ. ಐವತ್ತು ಮೀಟರಿನ ಟೇಪನ್ನೇ ಮರೆತು ಹೋಗುವವರು ಮೂರು ದಿನ ನಮ್ಮ ಗದ್ದುಗೆಯನ್ನು ಇಂಚಿಂಚು ಅಳೆದರು ಎಂದರೆ ಯಾರು ನಂಬುತ್ತಾರೆ? ಹಣೆಯ ಬುಗುಟು ಇಳಿಯಿತೇ? ಆ ಬಾಗಿಲು ಗಿಡ್ಡ, ಬಗ್ಗಿ ಹೋಗಿ ಎಂದು ನಾನು ಮೂರು ಸಲ ಹೇಳಿದ್ದೆ.

ಫೋನಿನಲ್ಲೇ ಹೇಳಬಹುದಿತ್ತು ಎನ್ನಬೇಡಿ. ನಮ್ಮಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡದ ಬಂಡೆ ಹತ್ತಬೇಕು. ಹತ್ತುವಷ್ಟರಲ್ಲಿ ಹೇಳಬೇಕಾದದ್ದು ಮರೆತಿರುತ್ತದೆ. ಅಲ್ಲದೆ ನಾನು ಮೂವತ್ತೊಂದು ವರ್ಷ ಈ ಊರಿನ ಅಂಚೆ ಕಚೇರಿ ನಡೆಸಿ ನಿವೃತ್ತಳಾದವಳು. ಊರಿಗೆಲ್ಲ ಕಾಗದ ಹಂಚಿದೆ, ನನಗೆಂದು ಬಂದವು ಬೆರಳೆಣಿಕೆ. ಈಗಲಾದರೂ ಬರಲಿ.

ನೀವು ಕೇಳಿದ್ದ ನಾಯಕನ ಕಥೆ ಇಷ್ಟು. ನಮ್ಮ ಸಿದ್ದಪ್ಪನಾಯಕ ಈ ಗುಡ್ಡಗಾಡಿನ ಪಾಳೆಯಗಾರ. ಕಾಳುಮೆಣಸಿನ ಹೇರು ಹೊರಿಸಿಕೊಂಡು ನಿಮ್ಮ ವಿಜಯಪುರಕ್ಕೆ ಸುಲ್ತಾನನನ್ನು ಕಾಣಲು ಹೋದ. ಇವತ್ತು ಬಾ, ನಾಳೆ ಬಾ ಎಂದು ಮೂರು ತಿಂಗಳು ಕಾಯಿಸಿದರಂತೆ. ಉಳಿದುಕೊಳ್ಳಲು ಕೊಟ್ಟದ್ದು ಯಾರೋ ಸರದಾರನ ಗೋರಿಯ ತೋಟ. ಕೂತು ಕೂತು ಬೇಸತ್ತ ನಾಯಕ ಆ ಗೋರಿಯನ್ನೂ ತೋಟವನ್ನೂ ಹೆಜ್ಜೆ ಹಾಕಿ ಅಳೆದುಕೊಂಡ. ಊರಿಗೆ ಬಂದವನೇ ನನಗೂ ಇಂಥದ್ದೇ ಬೇಕು ಎಂದು ಬದುಕಿದ್ದಾಗಲೇ ತನ್ನ ಗದ್ದುಗೆ ಕಟ್ಟಿಸಿಕೊಂಡ. ಸುಲ್ತಾನ ಕೊನೆಗೂ ಸಿಕ್ಕನೇ, ಮೆಣಸು ಏನಾಯಿತು ಎಂಬುದು ನಮ್ಮ ಅತ್ತೆಗೂ ಗೊತ್ತಿರಲಿಲ್ಲ.

ಅಂದಿನಿಂದ ಪ್ರತಿ ಶಿವರಾತ್ರಿಗೆ ಮುಂಚೆ ನಮ್ಮ ಮನೆಯ ಹೆಂಗಸರು ಗದ್ದುಗೆಗೆ ಸುಣ್ಣ ಬಳಿಯುತ್ತಾ ಬಂದಿದ್ದೇವೆ. ಗಂಡಸರು ಕುಂಚ ಮುಟ್ಟುವ ಹಾಗಿಲ್ಲ. ಒಂದು ವರ್ಷವೂ ತಪ್ಪಿಲ್ಲ. ಅತ್ತೆ ಬಳಿದರು, ಈಗ ನಾನು.

ಅಂದ ಹಾಗೆ, ಮಳೆಗಾಲದಲ್ಲಿ ಸಂಪಿಗೆ ಕೊಂಬೆ ಬಿದ್ದು ಮೂಲೆಯಿಂದ ಕಳಚಿದ್ದ ಆ ಸುಣ್ಣದ ಚೆಕ್ಕೆಯನ್ನು ಚಿನ್ನದ ಗಟ್ಟಿಯ ಹಾಗೆ ಪೇಪರಿನಲ್ಲಿ ಸುತ್ತಿಕೊಂಡು ಹೋದಿರಲ್ಲ, ಅದನ್ನಿಟ್ಟುಕೊಂಡು ಏನು ಮಾಡುತ್ತೀರಿ? ನಮ್ಮ ಯಜಮಾನರು ದಿನಕ್ಕೆರಡು ಸಲ ಕೇಳುತ್ತಿದ್ದಾರೆ.

ಇಂತಿ,
ವಿಶಾಲಮ್ಮ

*

ವಿಜಯಪುರ
28 ನವೆಂಬರ್ 2024

ಪೂಜ್ಯ ವಿಶಾಲಮ್ಮನವರಿಗೆ ನಮಸ್ಕಾರ.

ಟೇಪು ತಲುಪಿತು. ಬುಗುಟು ಇಳಿಯಿತು. ಆದರೆ ನಾನಿನ್ನೂ ನೆಲಕ್ಕೆ ಇಳಿದಿಲ್ಲ. ಕಾರಣ ಆ ಚೆಕ್ಕೆ.

ಮೊದಲು ಕಟ್ಟಡದ ಮಾತು. ನಿಮ್ಮ ಗದ್ದುಗೆ ಹದಿನೆಂಟು ಅಡಿ ಚೌಕ, ಗೋಡೆಯ ದಪ್ಪ ಮೂರೂಕಾಲು ಅಡಿ. ಒಳಗೆ ಮೇಲೆ ಹೋದಂತೆ ಮೂಲೆಗಳಿಗೆ ಕಲ್ಲು ಚಾಚಿ ನಾಲ್ಕು ಮೂಲೆಯನ್ನು ಎಂಟು ಮಾಡಿ, ಎಂಟರ ಮೇಲೆ ಗುಮ್ಮಟ ಕೂರಿಸಿದ್ದಾರೆ. ಇಷ್ಟು ನಮ್ಮ ವಿಜಯಪುರದಲ್ಲೂ ಇದೆ. ಇಲ್ಲಿಲ್ಲದ್ದು ಗುಮ್ಮಟದ ಕೆಳಗೆ ಸುತ್ತಲೂ ಇಳಿಬಿಟ್ಟ ಎರಡೂವರೆ ಅಡಿಯ ಕಲ್ಲಿನ ಸೂರು. ನಿಮ್ಮ ಮಲೆನಾಡಿನ ಮಳೆಗೆ ಅದು ಬೇಕೇ ಬೇಕು. ಗುಮ್ಮಟ ಮಳೆ ತಡೆಯಲು ಗೊರಬು ಹೊದ್ದುಕೊಂಡು ನಾಟಿಗೆ ಹೊರಟ ಹಾಗೆ ಕಾಣುತ್ತದೆ. ಸುತ್ತಲಿನ ತೋಟವನ್ನು ನಾಲ್ಕು ಕಾಲುದಾರಿಗಳು ನಾಲ್ಕು ಸಮಪಾಲು ಮಾಡಿವೆ. ಬೆಟ್ಟದ ಒರತೆಯ ನೀರು ಗದ್ದುಗೆಯನ್ನು ಒಂದು ಸುತ್ತು ಹಾಕಿಯೇ ಕೆಳಗಿನ ಗದ್ದೆಗೆ ಇಳಿಯುತ್ತದೆ. ಹಾಗೆ ತಿರುಗಿಸಲು ಕಾಲುವೆಯನ್ನು ಎಷ್ಟು ನಾಜೂಕಾಗಿ ಇಳಿಜಾರು ಮಾಡಿದ್ದಾರೆ ಎಂದು ನೋಡುತ್ತಲೇ ನಾನು ಟೇಪು ಕೈಬಿಟ್ಟಿರಬೇಕು.

ಈಗ ಚೆಕ್ಕೆ. ನಾಲ್ಕು ಬೆರಳು ದಪ್ಪ. ಪಕ್ಕದಿಂದ ನೋಡಿದರೆ ಪದರದ ಮೇಲೆ ಪದರ. ವರ್ಷಕ್ಕೊಂದು ಸುಣ್ಣ, ಒಂದು ವರ್ಷವೂ ತಪ್ಪಿಲ್ಲ ಎಂದು ನೀವೇ ಬರೆದಿದ್ದೀರಿ. ಭೂತಗನ್ನಡಿ ಹಿಡಿದು ಐದು ದಿನ ಎಣಿಸಿದೆ. ಆರುನೂರ ಹನ್ನೆರಡು! ಅಂದರೆ ಗದ್ದುಗೆ ಕಟ್ಟಿದ್ದು 1413ರಲ್ಲಿ. ಆಗ ಇಲ್ಲಿ ಸುಲ್ತಾನರೇ ಇರಲಿಲ್ಲ, ಇಲ್ಲಿನ ಗುಮ್ಮಟಗಳೆಲ್ಲ ಆಮೇಲಿನವು. ನಿಮ್ಮ ಅತ್ತೆಯವರ ಕಥೆ ಸೊಗಸಾಗಿದೆ, ಆದರೆ ಲೆಕ್ಕಕ್ಕೆ ಕೂರುವುದಿಲ್ಲ.

ನಮ್ಮ ಪುರಾತತ್ವ ಇಲಾಖೆಯ ನಿರ್ದೇಶಕ ಗುಂಡಯ್ಯ ಸರ್ ಬಹಳ ಖುಷಿಯಾಗಿದ್ದಾರೆ. ಸುಣ್ಣವನ್ನೆಲ್ಲ ಕೆರೆದು ಮೂಲ ಕಲ್ಲನ್ನು ಹೊರತೆಗೆಯಬೇಕು ಎಂದು ತೀರ್ಮಾನವಾಗಿದೆ. ಒಪ್ಪಿಗೆಯ ಫಾರಂ ಲಗತ್ತಿಸಿದ್ದೇನೆ. ಜಮೀನು ನಿಮ್ಮ ಯಜಮಾನರಾದ ಮಹಾದೇವಯ್ಯನವರ ಹೆಸರಿನಲ್ಲಿರುವುದರಿಂದ ಅವರು ಸಹಿ ಮಾಡಿದರೆ ಸಾಕು. ಇನ್ನು ಮುಂದೆ ವರ್ಷಾ ವರ್ಷಾ ಸುಣ್ಣ ಬಳಿಯುವ ಕಷ್ಟವೂ ನಿಮಗೆ ತಪ್ಪುತ್ತದೆ.

ವಿಶ್ವಾಸಿ,
ದಯಾನಂದ

*

ಹೆಗ್ಗದ್ದೆ
9 ಡಿಸೆಂಬರ್ 2024

ದಯಾನಂದ ಅವರಿಗೆ ಶರಣು.

ನಿಮ್ಮ ಕಾಗದ ಬಂತು. ಯಜಮಾನರ ಕಾಲು ನೆಲದ ಮೇಲಿಲ್ಲ. "ಏನೇ ಕೇಳ್ದಾ? ನಮ್ಮ ನಾಯಕ ಸುಲ್ತಾನನ್ನ ನೋಡಿ ಕಲ್ತಿದ್ದಲ್ಲ ಕಣೇ, ಅವ್ರೇ ನಮ್ಮನ್ನ ನೋಡಿ ಕಲ್ತವ್ರೆ!" ಎಂದು ಹಟ್ಟಿಗೂ ಮನೆಗೂ ಓಡಾಡಿದರು. ನಮ್ಮ ಮಗಳು ಹೇಮಶ್ರೀ ಸಕಲೇಶಪುರದ ಬಸ್ಸಿನಲ್ಲಿ ಕಂಡಕ್ಟರ್. ಮರುದಿನ ಅವಳ ಬಸ್ಸಿನಲ್ಲೇ ಕೂತು ಹೋಗುತ್ತಾ ಬರುತ್ತಾ ಎಲ್ಲ ಪ್ರಯಾಣಿಕರಿಗೂ ಆರುನೂರ ಹನ್ನೆರಡರ ಕಥೆ ಹೇಳಿದರಂತೆ. ಅಪ್ಪನಿಗೊಂದು, ಅವರ ಕಥೆಗೊಂದು ಎರಡು ಟಿಕೆಟ್ ಕೊಡಬೇಕಿತ್ತು ಎಂದಳು.

ಫಾರಂಗೆ ಅವರು ಅವತ್ತೇ ಸಹಿ ಮಾಡಿದ್ದಾರೆ.

ಸುಣ್ಣ ಬಳಿಯುವುದು ನನಗೆ ಕಷ್ಟವೇನಲ್ಲ.

ಇಂತಿ,
ವಿಶಾಲಮ್ಮ

*

ವಿಜಯಪುರ
2 ಜನವರಿ 2025

ವಿಶಾಲಮ್ಮನವರಿಗೆ ಹೊಸ ವರ್ಷದ ಶುಭಾಶಯ.

ಸಹಿಯಾದ ಫಾರಂ ಇನ್ನೂ ಬಂದಿಲ್ಲ. ಡಿಸೆಂಬರ್ ಒಂಬತ್ತರ ನಿಮ್ಮ ಕಾಗದ ನಾಲ್ಕೇ ದಿನಕ್ಕೆ ಬಂತು, ಫಾರಂ ಮಾತ್ರ ಎಲ್ಲಿ ಹೋಯಿತೋ. ಈ ಅಂಚೆಯವರನ್ನು ನಂಬಿ ಕೂತರೆ ಆದ ಹಾಗೆಯೇ ಸರಿ.

ಕೆರೆಯುವ ತಂಡ ಫೆಬ್ರವರಿ ಹತ್ತೊಂಬತ್ತಕ್ಕೆ ಇಲ್ಲಿಂದ ಹೊರಡುತ್ತದೆ. ಶಿವರಾತ್ರಿ ಇಪ್ಪತ್ತಾರಕ್ಕೆ. ಅಷ್ಟರಲ್ಲಿ ನಾಲ್ಕು ಗೋಡೆಯ ಕಲ್ಲೂ ಹೊರಬಂದಿರುತ್ತದೆ, ಊರವರು ಹಬ್ಬಕ್ಕೆ ಹೊಸ ಗದ್ದುಗೆಯನ್ನೇ ನೋಡಬಹುದು.

ಒಂದು ವಿಷಯ ನಿಮಗೆ ಮೊದಲೇ ಹೇಳಬೇಕಿತ್ತು. ನಾನು ಇಲ್ಲಿ ಆರು ವರ್ಷದಿಂದ ಗುತ್ತಿಗೆಯ ಕೆಲಸದಲ್ಲಿದ್ದೇನೆ. 1413ರ ಲೇಖನ ಗುಂಡಯ್ಯ ಸರ್ ಕೈ ಸೇರಿದ ಮೇಲೆ ಕಾಯಂ ಮಾಡುವ ಮಾತು ಮೊದಲ ಬಾರಿಗೆ ಬಂದಿದೆ. ಕಲ್ಲಿನ ಮೇಲೆ ಒಂದು ಕೆತ್ತನೆ, ಒಂದು ಅಕ್ಷರ ಸಿಕ್ಕಿದರೂ ಸಾಕು. ದಯವಿಟ್ಟು ಫಾರಂ ಬಗ್ಗೆ ಅಂಚೆ ಕಚೇರಿಯಲ್ಲಿ ಸ್ವಲ್ಪ ವಿಚಾರಿಸಿ. ನಿಮ್ಮ ಮಾತಿಗೆ ಅಲ್ಲಿ ಬೆಲೆ ಇರುತ್ತದೆ.

ವಿಶ್ವಾಸಿ,
ದಯಾನಂದ

*

ಹೆಗ್ಗದ್ದೆ
10 ಜನವರಿ 2025

ದಯಾನಂದ ಅವರಿಗೆ ಶರಣು.

ಅಂಚೆಯವರನ್ನು ಬೈಯಬೇಡಿ. ಫಾರಂ ನನ್ನ ಹತ್ತಿರವೇ ಇದೆ. ಪೋಸ್ಟ್ ಮಾಡು ಎಂದು ಯಜಮಾನರು ಕೊಟ್ಟದ್ದನ್ನು ನಾನು ಸೀರೆಗಳ ಮಧ್ಯೆ ಇಟ್ಟುಕೊಂಡು ಒಂದು ತಿಂಗಳಾಯಿತು. ಮೂವತ್ತೊಂದು ವರ್ಷದಲ್ಲಿ ಒಬ್ಬರ ಒಂದು ಕಾರ್ಡನ್ನೂ ತಡೆದವಳಲ್ಲ. ಎದೆಮಟ್ಟ ನೀರು ಬಂದ ಪ್ರವಾಹದಲ್ಲಿ ಚೀಲ ತಲೆಯ ಮೇಲೆ ಹೊತ್ತು ಹಳ್ಳ ದಾಟಿದ್ದೇನೆ. ಈ ವಯಸ್ಸಿಗೆ ಗಂಡನ ಕಾಗದ ತಡೆದೆ. ನಾಚಿಕೆಯಿಂದ ಅನ್ನ ಸೇರುತ್ತಿಲ್ಲ.

ಏಕೆ ತಡೆದೆ ಎಂದು ಹೇಳುತ್ತೇನೆ. ಕೋಪ ಮಾಡಿಕೊಳ್ಳಿ, ಪೂರ್ತಿ ಓದಿ ಆಮೇಲೆ ಮಾಡಿಕೊಳ್ಳಿ.

ಆರುನೂರ ಹನ್ನೆರಡು ಸುಣ್ಣ ಇರಬಹುದು. ಆದರೆ ಅಷ್ಟು ವರ್ಷ ಅಲ್ಲ. ಒಂದು ವರ್ಷವೂ ತಪ್ಪಿಲ್ಲ ಎಂದು ಬರೆದವಳು ನಾನೇ. ಒಂದೇ ವರ್ಷದಲ್ಲಿ ಎರಡು ಸಲ ಬಳಿದದ್ದೂ ಉಂಟು ಎಂದು ಬರೆಯಲಿಲ್ಲ, ಏಕೆಂದರೆ ನೀವು ಕೇಳಲಿಲ್ಲ. ನಮ್ಮ ಮಾವನವರ ತಾಯಿಗೂ ಅವರ ಓರಗಿತ್ತಿಗೂ ಹತ್ತೊಂಬತ್ತು ವರ್ಷ ಮಾತಿರಲಿಲ್ಲವಂತೆ. ಇವರು ಇವತ್ತು ಬಳಿದರೆ, ಅದು ಬೆಳ್ಳಗಾಗಿಲ್ಲ ಎಂದು ಅವರು ನಾಳೆ ಅದರ ಮೇಲೆ ಬಳಿಯುವುದು. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎಂಬ ಗಾದೆ ಕಟ್ಟಿದವನು ಗಂಡಸೇ ಇರಬೇಕು, ಆದರೆ ಅವನು ನಮ್ಮ ಗದ್ದುಗೆ ನೋಡಿಯೇ ಕಟ್ಟಿರಬೇಕು.

ಇನ್ನೊಂದಿದೆ. ಇದನ್ನು ಅತ್ತೆ ಸೊಸೆಗೆ ಮಾತ್ರ ಹೇಳಿಕೊಡುವುದು. ಮನೆಯಲ್ಲಿ ಮಗು ಹುಟ್ಟಿದರೆ, ಆಮೇಲೆ ಬರುವ ಶಿವರಾತ್ರಿಗೆ ಮೊದಲು ಸುಣ್ಣಕ್ಕೆ ಕೆಮ್ಮಣ್ಣು ಕಲಸಿ ಒಂದು ಕೈ ಬಳಿಯಬೇಕು. ಅದು ಆರಿದ ಮೇಲೆ ಬಿಳಿ ಸುಣ್ಣ. ಕೆಂಪು ಅಡಿಗೆ, ಬಿಳಿ ಮೇಲಕ್ಕೆ. ಸಂಜೆ ದೀಪ ಹಚ್ಚಲು ಬರುವ ಗಂಡಸರಿಗೆ ಎಲ್ಲ ಬಿಳಿಯಾಗಿಯೇ ಕಾಣುತ್ತದೆ. ಮಗು ಬಂದಿರುವುದು ನಾಯಕನಿಗೂ ಬಳಿದವಳಿಗೂ ಗೊತ್ತಿದ್ದರೆ ಸಾಕು.

ನೀವು ಕಲ್ಲು ನೋಡಬೇಕು ಎನ್ನುತ್ತೀರಿ. ಕಲ್ಲು ಕೆತ್ತಿದ್ದು ಇತಿಹಾಸ, ಸುಣ್ಣ ಬಳಿದದ್ದು ಕೆರೆದು ಹಾಕುವ ಕೊಳೆ ಎಂದರೆ, ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದು ಕಣ್ಣಿಗೆ ಸುಣ್ಣ ಎಂದ ಹಾಗಾಯಿತು. ನನಗೆ ನಿಜವಾಗಿ ಸಂಕಟವಾಯಿತು. ಹೇಳಿದರೆ ನಿಮ್ಮ ಸಂಶೋಧನೆಗೆ ಕಲ್ಲು, ಹೇಳದಿದ್ದರೆ ನಮ್ಮ ಗದ್ದುಗೆಗೆ ಉಳಿ. ಒಂದು ತಿಂಗಳು ಸುಮ್ಮನಿದ್ದದ್ದು ಅದಕ್ಕೇ.

ಲೆಕ್ಕ ಸರಿಮಾಡಲು ಒಂದು ದಾರಿ ಹೇಳುತ್ತೇನೆ. ನಮ್ಮ ಮಳೆಗೆ ಪ್ರತಿ ವರ್ಷ ಗೋಡೆಗೆ ಪಾಚಿ ಹಿಡಿದು ಕಪ್ಪಾಗುತ್ತದೆ. ಎಷ್ಟು ಉಜ್ಜಿದರೂ ಒಂದು ಕಪ್ಪು ಗೆರೆ ಉಳಿದೇ ಉಳಿಯುತ್ತದೆ. ಒಂದೇ ವಾರದಲ್ಲಿ ಬಳಿದ ಎರಡು ಸುಣ್ಣದ ನಡುವೆ ಕಪ್ಪು ಇರುವುದಿಲ್ಲ. ನೀವು ಬಿಳಿ ಎಣಿಸಿದ್ದೀರಿ. ಕಪ್ಪು ಎಣಿಸಿ ನೋಡಿ.

ಸಹಿಯಾದ ಫಾರಂ ಇದರ ಜೊತೆಗೇ ಇಟ್ಟಿದ್ದೇನೆ. ಬೇರೆಯವರ ಕಾಗದ ತಡೆಯುವ ಹಕ್ಕು ನನಗಿಲ್ಲ. ಇನ್ನು ನಿಮ್ಮ ಕೈಯಲ್ಲಿದೆ.

ಇಂತಿ,
ವಿಶಾಲಮ್ಮ

*

ವಿಜಯಪುರ
18 ಜನವರಿ 2025

ವಿಶಾಲಮ್ಮನವರಿಗೆ,

ಕಾಗದವೂ ಫಾರಂ ಕೂಡ ತಲುಪಿವೆ. ನವೆಂಬರಿನಲ್ಲೇ ಹೇಳಿದ್ದರೆ ನಾನು ಎಲ್ಲರ ಮುಂದೆ ಹೀಗೆ ನಿಲ್ಲಬೇಕಾಗುತ್ತಿರಲಿಲ್ಲ. ಸದ್ಯಕ್ಕೆ ಇಷ್ಟೇ.

ದಯಾನಂದ

*

ವಿಜಯಪುರ
25 ಜನವರಿ 2025

ವಿಶಾಲಮ್ಮನವರಿಗೆ ನಮಸ್ಕಾರ.

ಹೋದ ವಾರ ಒರಟಾಗಿ ಬರೆದೆ, ಕ್ಷಮಿಸಿ. ಸಿಟ್ಟು ನಿಮ್ಮ ಮೇಲಲ್ಲ, ಕೇಳದೆ ಬಿಟ್ಟ ನನ್ನ ಮೇಲೆ.

ಮೂರು ದಿನ ಚೆಕ್ಕೆಯ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕನೆಯ ದಿನ ಕಿಟಕಿಯ ಬಳಿ ಕೂತು ಕಪ್ಪು ಎಣಿಸಲು ಶುರುಮಾಡಿದೆ. ಕಪ್ಪು ಗೆರೆಗಳು ನಾನೂರ ಹದಿನೆಂಟು. ಲೆಕ್ಕ 1607ಕ್ಕೆ ಬಂದು ನಿಂತಿತು. ಆ ಹೊತ್ತಿಗೆ ವಿಜಯಪುರದಲ್ಲಿ ಸುಲ್ತಾನರೂ ಇದ್ದರು, ಗೋರಿಗಳ ಸುತ್ತ ತೋಟಗಳೂ ಇದ್ದವು, ಕಾಯಿಸುವ ಅಧಿಕಾರಿಗಳಂತೂ ಇದ್ದೇ ಇದ್ದರು. ನಿಮ್ಮ ಅತ್ತೆಯವರ ಕಥೆ ಈಗ ಲೆಕ್ಕಕ್ಕೆ ಕೂತಿದೆ. ನಾಯಕ ಹೆಜ್ಜೆ ಹಾಕಿ ಅಳೆದದ್ದೂ ನಿಜವಿರಬೇಕು. ತೋಟದ ನಾಲ್ಕೂ ಬದಿ ಸರಿಯಾಗಿ ಎಂಬತ್ತು ಹೆಜ್ಜೆ. ನಡೆದು ನೋಡಿದವನು ನಾನೇ, ಆಗ ಅರ್ಥವಾಗಿರಲಿಲ್ಲ.

ಕೆಂಪು ಪದರಗಳೂ ಇವೆ. ಕೆಂಪು ಧೂಳು ಎಂದುಕೊಂಡಿದ್ದೆ. ನೀವು ಹೇಳಿದ ಹತ್ತೊಂಬತ್ತು ವರ್ಷದ ಜೊತೆಗೆ ಇನ್ನೂ ನಾಲ್ಕು ಕಡೆ ಸಾಲಾಗಿ ಜೋಡಿ ಸುಣ್ಣಗಳು ಸಿಕ್ಕಿವೆ. ಒಂದು ಕಡೆ ಇಪ್ಪತ್ತಾರು ವರ್ಷ. ನಿಮ್ಮ ಮನೆಯ ಓರಗಿತ್ತಿಯರ ಜಗಳ ಬಹಳ ಹಳೆಯದು, ಅಭಿನಂದನೆಗಳು.

ಎಲ್ಲವನ್ನೂ ಗುಂಡಯ್ಯ ಸರ್ ಮುಂದೆ ಇಟ್ಟೆ. "ಬೆಟ್ಟ ಅಗೆದು ಇಲಿ ಹಿಡಿದ್ಯಲ್ಲೋ ಮಾರಾಯ!" ಎಂದು ಕೂಗಾಡಿದರು. 1413ರ ಲೇಖನ ಹರಿದು ಬುಟ್ಟಿಗೆ ಹೋಯಿತು, ಅದರ ಹಿಂದೆ ನನ್ನ ಕಾಯಂ ಮಾತೂ ಹೋಯಿತು. ಆದರೆ ಕೆಂಪಿನ ವಿಷಯ ಹೇಳಿದಾಗ ಚೆಕ್ಕೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಇದು ನಿಜವಾದ್ರೆ ಕಲ್ಲಿಗಿಂತ ಸುಣ್ಣವೇ ದೊಡ್ಡ ದಾಖಲೆ, ಕೆರೆಯೋ ಹಾಗಿಲ್ಲ. ಆದ್ರೆ ಬರೀ ಬಾಯಿಮಾತು ನಂಬಿ ಕೆಲಸ ನಿಲ್ಲಿಸೋಕ್ಕಾಗಲ್ಲ" ಎಂದರು.

ಅವರ ಷರತ್ತು ಇದು. ನಿಮಗೆ ತಿಳಿದಷ್ಟು ಹಿಂದಿನವರೆಗೆ ಮನೆಯಲ್ಲಿ ಯಾವ ಯಾವ ವರ್ಷ ಕೆಂಪು ಬಳಿದಿರಬೇಕು ಎಂದು ಪಟ್ಟಿ ಕಳಿಸಿ. ಚೆಕ್ಕೆಯಲ್ಲಿ ಯಾವ ವರ್ಷ ಕೆಂಪಿದೆ ಎಂದು ನಾನು ನಿಮಗೆ ಹೇಳಬಾರದು. ಎರಡೂ ತಾಳೆಯಾದರೆ ಕೆರೆಯುವುದಿಲ್ಲ. ಒಂದು ಹೆಚ್ಚು ಕಡಿಮೆಯಾದರೂ ಹತ್ತೊಂಬತ್ತಕ್ಕೆ ತಂಡ ಹೊರಡುತ್ತದೆ.

ವಿಶ್ವಾಸಿ,
ದಯಾನಂದ

*

ಹೆಗ್ಗದ್ದೆ
31 ಜನವರಿ 2025

ದಯಾನಂದ ಅವರಿಗೆ ಶರಣು.

ನಿಮ್ಮ ಕಾಗದ ಓದಿ ಮೊದಲು ಕಣ್ಣೀರು ಹಾಕಿದೆ, ಆಮೇಲೆ ಇಪ್ಪತ್ತಾರು ವರ್ಷದ ಜಗಳ ನೆನೆದು ನಕ್ಕೆ. ಕೆಲಸದ ವಿಷಯ ಓದಿ ಮತ್ತೆ ಬೇಜಾರಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದವಳು ನಾನು.

ಯಜಮಾನರಿಗೆ ಎಲ್ಲ ಹೇಳಿದೆ. ಫಾರಂ ತಡೆದದ್ದಕ್ಕೆ ಏನೂ ಅನ್ನಲಿಲ್ಲ. ಇನ್ನೂರು ವರ್ಷ ಕಡಿಮೆಯಾದದ್ದಕ್ಕೆ ಎರಡು ದಿನ ಕಾಫಿ ಬಿಟ್ಟರು. ಮೂರನೆಯ ದಿನ, "ಸಾವಿರದ ಆರುನೂರ ಏಳೂ ಕಮ್ಮಿಯೇನಲ್ಲ ಬುಡು, ಒಂದ್ ಲೋಟ ಕಾಫಿ ತತ್ತಾ" ಎಂದರು. ಬಸ್ಸಿನವರಿಗೆ ಏನು ಹೇಳಬೇಕು ಎಂಬ ಚಿಂತೆ ಮಾತ್ರ ಇನ್ನೂ ಹೋಗಿಲ್ಲ.

ಮಾವನವರು ಹಳೆಯ ಪಂಚಾಂಗದ ಹಿಂದಿನ ಪುಟದಲ್ಲಿ ಮನೆಯ ಹುಟ್ಟುಗಳನ್ನು ಬರೆದಿಟ್ಟಿದ್ದರು. ಅದನ್ನೂ ನನ್ನ ನೆನಪನ್ನೂ ಸೇರಿಸಿ ಬರೆಯುತ್ತಿದ್ದೇನೆ. ಇವು ಮಗು ಹುಟ್ಟಿದ ಮೇಲೆ ಬಂದ ಶಿವರಾತ್ರಿಯ ವರ್ಷಗಳು.

1924, ಮಾವನವರ ಅಕ್ಕ. 1927, ಮಾವನವರು. 1931, ಅವರ ತಮ್ಮ. 1957, ನಮ್ಮ ಯಜಮಾನರು. 1960, ನನ್ನ ಮೈದುನ. 1986, ನನ್ನ ಮಗಳು ಹೇಮಶ್ರೀ. ಇದು ಅತ್ತೆ ನನ್ನ ಕೈಯಲ್ಲಿ ಮೊದಲ ಸಲ ಬಳಿಸಿದ ಕೆಂಪು. ಕೆಮ್ಮಣ್ಣು ಜಾಸ್ತಿಯಾಗಿ ನನ್ನ ಸೀರೆಯೂ ಕೆಂಪಾಗಿ ಬೈಸಿಕೊಂಡಿದ್ದೆ. 1991, ಮೈದುನನ ಮಗ ರವಿ. 2019, ರವಿಯ ಮಗಳು ವಾಣಿ.

ಎಂಟು. ಇಷ್ಟೇ. ನೂರಕ್ಕೆ ನೂರು ಸರಿ, ಎರಡು ಸಲ ನೋಡಿದ್ದೇನೆ.

ಇಂತಿ,
ವಿಶಾಲಮ್ಮ

*

ವಿಜಯಪುರ
6 ಫೆಬ್ರವರಿ 2025

ವಿಶಾಲಮ್ಮನವರಿಗೆ ನಮಸ್ಕಾರ.

ಗುಂಡಯ್ಯ ಸರ್, ನಾನು ಇಬ್ಬರೂ ಕೂತು ತಾಳೆ ನೋಡಿದೆವು. 2019, ಇದೆ. 1991, ಇದೆ. 1986, ಇದೆ, ನೀವು ಹೇಳಿದ ಹಾಗೆ ಬೇರೆಲ್ಲಕ್ಕಿಂತ ಕಡುಕೆಂಪು. ಸರ್ ನಕ್ಕುಬಿಟ್ಟರು. 1960, 1957, 1931, 1927, 1924, ಎಲ್ಲವೂ ಅದರದರ ಜಾಗದಲ್ಲಿ ಇವೆ.

ಆದರೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಕೆಂಪು ಇದೆ. ಮೇಲಿನಿಂದ ನಲವತ್ತೆರಡನೆಯ ವರ್ಷ. ಅಂದರೆ 1983ರ ಶಿವರಾತ್ರಿ. ಬಹಳ ತೆಳು, ಆದರೆ ಒಂದೇ ಸಮ. ಅಂಚಿನಿಂದ ಅಂಚಿಗೆ ನಿಧಾನವಾಗಿ ಬಳಿದದ್ದು.

"ಎಂಟು ಹೊಂದಿ ಒಂಬತ್ತನೆಯದು ಹೊಂದದಿದ್ರೆ, ಆ ಎಂಟೂ ಅದೃಷ್ಟ ಅಂತ ನಾಳೆ ಯಾರಾದ್ರೂ ಹೇಳ್ತಾರೆ" ಎಂದು ಸರ್ ಪಟ್ಟು ಹಿಡಿದಿದ್ದಾರೆ. ಯಾರದ್ದಾದರೂ ಹುಟ್ಟು ಪಟ್ಟಿಯಲ್ಲಿ ಬಿಟ್ಟುಹೋಗಿದೆಯೇ? ಅಥವಾ ಬೇರೆ ಯಾವುದಕ್ಕಾದರೂ ಕೆಂಪು ಬಳಿಯುತ್ತಿದ್ದರೇ? ಅತ್ತೆಯವರು ಸುಣ್ಣದ ಜೊತೆ ತಪ್ಪಿ ಮಣ್ಣು ಕಲಸಿರಬಹುದೇ? ಇರುವುದು ಹದಿಮೂರು ದಿನ. ಸ್ಪೀಡ್ ಪೋಸ್ಟಿನಲ್ಲಿ ಬರೆಯಿರಿ.

ವಿಶ್ವಾಸಿ,
ದಯಾನಂದ

*

ಹೆಗ್ಗದ್ದೆ
11 ಫೆಬ್ರವರಿ 2025

ದಯಾನಂದ,

ಅತ್ತೆ ತಪ್ಪಿ ಏನನ್ನೂ ಕಲಸುವವರಲ್ಲ.

ನಾನು ಮದುವೆಯಾಗಿ ಈ ಮನೆಗೆ ಬಂದದ್ದು 1980ರಲ್ಲಿ. ಮೊದಲ ಬಾಣಂತನಕ್ಕೆ ತವರಿಗೆ, ಆಲೂರಿಗೆ, ಹೋದೆ. 1983ರ ಜನವರಿಯಲ್ಲಿ ಹೆಣ್ಣು ಮಗು ಹುಟ್ಟಿತು. ಒಂದು ಹಗಲು, ಒಂದು ರಾತ್ರಿ ಇತ್ತು. ತಲೆ ತುಂಬ ಕೂದಲು. ಹೆಸರಿಡುವಷ್ಟು ದಿನ ಇರಲಿಲ್ಲ. ಇಲ್ಲಿಗೆ ಸುದ್ದಿ ಹೋಯಿತು. ಯಜಮಾನರು ಬಂದು ಹೋದರು, ಅತ್ತೆ ಬರಲಿಲ್ಲ.

ಐದು ತಿಂಗಳಾದ ಮೇಲೆ ನಾನು ಈ ಮನೆಗೆ ತಿರುಗಿ ಬಂದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಕೈಕಾಲು ತೊಳ್ಕೊ, ಎಲೆ ಹಾಕೈತೆ, ಉಣ್ಣು" ಎಂದರು. ಮಗುವಿನ ಬಗ್ಗೆ ಒಂದು ಮಾತಿಲ್ಲ. ಆ ದಿನವೂ ಇಲ್ಲ, ಆಮೇಲೆ ಅವರು ಬದುಕಿದ್ದ ಇಪ್ಪತ್ತೊಂದು ವರ್ಷವೂ ಇಲ್ಲ. ನನ್ನ ಕಷ್ಟ ಈಕೆಗೆ ತಟ್ಟಲೇ ಇಲ್ಲ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಹೇಮಶ್ರೀ ಹುಟ್ಟಿದಾಗ ಕೆಂಪು ಬಳಿಯಲು ಕಲಿಸಿದರಲ್ಲ, ಆಗಲೂ ಹಿಂದಿನದ್ದು ಬಾಯಿ ಬಿಡಲಿಲ್ಲ. ಅವರಿಗೆ ಕಾಯಿಲೆಯಾದಾಗ ಗಂಜಿ ಕುಡಿಸಿದೆ, ಮೈ ತೊಳೆದೆ, ಎಲ್ಲ ಮಾಡಿದೆ. ಮನಸ್ಸಿನಲ್ಲಿ ಮಾತ್ರ ಅದೊಂದನ್ನು ಬಿಡಲಿಲ್ಲ. ಹೋಗುವವರೆಗೂ ಬಿಡಲಿಲ್ಲ.

ನಿಮ್ಮ ಕಾಗದವನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಎದ್ದು ತೋಟಕ್ಕೆ ಹೋದರು. ಬಹಳ ಹೊತ್ತಾದ ಮೇಲೆ ಬಂದು ಹೇಳಿದರು: "ಆ ವರ್ಷ ಅವ್ವ ಒಬ್ಳೇ ಬಳಿದ್ಲು ಕಣೇ. ನೀರು ಹೊತ್ತುಕೊಡ್ತೀನಿ ಅಂದ್ರೂ ನನ್ನ ಹತ್ರಕ್ಕೆ ಬುಡ್ಲಿಲ್ಲ. ಹೊತ್ತು ಮುಳುಗೋಗಂಟ ಬಳೀತಾನೇ ಇದ್ಲು."

ನಾನು ಆಲೂರಿನಲ್ಲಿ ಮಲಗಿ ಗೋಡೆ ನೋಡುತ್ತಿದ್ದೆನಲ್ಲ, ಅದೇ ಹೊತ್ತಿಗೆ ಇಲ್ಲಿ ಅವರು ಕೆಮ್ಮಣ್ಣು ಕಲಸಿದ್ದಾರೆ. ನನ್ನ ಮಗು ಈ ಮನೆಯ ಮಗು ಎಂದು ನಾಯಕನಿಗೆ ಹೇಳಿದ್ದಾರೆ. ಮೇಲೆ ಬಿಳಿ ಬಳಿದು ಕೈ ತೊಳೆದುಕೊಂಡು ಬಂದಿದ್ದಾರೆ. ನಾನು ವರ್ಷಾ ವರ್ಷಾ ಅದೇ ಗೋಡೆಗೆ ಸುಣ್ಣ ಬಳಿದಿದ್ದೇನೆ. ನಲವತ್ತು ವರ್ಷ ನನ್ನ ಕೈ ಅದರ ಮೇಲೆಯೇ ಆಡಿದೆ, ನನಗೆ ಗೊತ್ತಾಗಲಿಲ್ಲ.

ಇದನ್ನು ನಾನು ಯಾರಿಗೂ ಹೇಳಿದವಳಲ್ಲ. ಹೇಮಶ್ರೀಗೂ ನಿನ್ನೆಯೇ ಹೇಳಿದ್ದು. ಅವಳು ನನ್ನನ್ನು ಬಿಗಿಯಾಗಿ ಹಿಡಿದುಕೊಂಡು, "ನಂಗೊಬ್ಳು ಅಕ್ಕ ಇದ್ಲಾ?" ಎಂದು ಅತ್ತಳು. ಅತ್ತು ಮುಗಿದ ಮೇಲೆ ಬಸ್ಸಿಗೆ ಹೊತ್ತಾಯಿತು ಎಂದು ಓಡಿದಳು.

ನಿಮ್ಮ ಸರ್‌ಗೆ ಈ ಕಾಗದವನ್ನೇ ತೋರಿಸಿ. ಪಟ್ಟಿಯಲ್ಲಿ ಎಂಟಲ್ಲ, ಒಂಬತ್ತು.

ವಿಶಾಲಮ್ಮ

*

ವಿಜಯಪುರ
16 ಫೆಬ್ರವರಿ 2025

ಅಮ್ಮಾ,

ಸುಣ್ಣ ಕೆರೆಯುವುದಿಲ್ಲ. ತಂಡಕ್ಕೆ ಬರಬೇಡಿ ಎಂದು ಹೇಳಿಯಾಯಿತು. ಮಹಾದೇವಯ್ಯನವರ ಫಾರಂ ಇದರ ಜೊತೆಗಿದೆ, ಮೇಲೆ ಸರ್ ಕೈಯಾರೆ ಎರಡು ಅಡ್ಡಗೆರೆ ಎಳೆದಿದ್ದಾರೆ.

ನಿಮ್ಮ ಕಾಗದ ಓದಿ ಗುಂಡಯ್ಯ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ನಾನೂ ನೀನೂ ಸೇರಿ ಇದನ್ನ ಕೆರೆದುಬಿಡ್ತಿದ್ವಲ್ಲೋ" ಎಂದರು. ಗದ್ದುಗೆಗೆ ಬೇಕಾದದ್ದು ಸಂಪಿಗೆ ಕೊಂಬೆ ಬಿದ್ದ ಮೂಲೆಯ ದುರಸ್ತಿ ಮಾತ್ರ, ಅದಕ್ಕೆ ಮಳೆಗಾಲಕ್ಕೆ ಮುಂಚೆ ಇಬ್ಬರು ಗಾರೆ ಕೆಲಸದವರನ್ನು ಕಳಿಸುತ್ತೇವೆ. ಸುಣ್ಣ ಬಳಿಯುವ ಪದ್ಧತಿ ಎಂದಿನಂತೆ ನಿಮ್ಮ ಮನೆಯವರದ್ದೇ ಎಂದು ದಾಖಲೆಯಲ್ಲಿ ಸೇರಿಸಿದ್ದೇವೆ.

ನನ್ನ ಚಿಂತೆ ಬಿಡಿ. ಕಾಯಂ ಆಗಲಿಲ್ಲ, ಆದರೆ ಗುತ್ತಿಗೆ ಇನ್ನೊಂದು ವರ್ಷ ಮುಂದುವರಿದಿದೆ. ಕೆಲಸ, ಆ ಚೆಕ್ಕೆಯ ನಾನೂರ ಹದಿನೆಂಟು ವರ್ಷವನ್ನೂ ಒಂದೊಂದಾಗಿ ಬರೆಯುವುದು. ಇಷ್ಟವಾದ ಕೆಲಸ ಸಿಕ್ಕಿದೆ.

ಒಂದು ಸಂಕೋಚದ ಪ್ರಶ್ನೆ. ಪ್ರತಿ ಕೆಂಪು ಪದರದ ಎದುರಿಗೆ ಗೊತ್ತಿರುವ ಹೆಸರು ಬರೆಯುತ್ತಿದ್ದೇನೆ. 1983ರ ಎದುರಿಗೆ "ವಿಶಾಲಮ್ಮ ಮತ್ತು ಮಹಾದೇವಯ್ಯನವರ ಹಿರಿಯ ಮಗಳು" ಎಂದು ಬರೆದು ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಹಾಗೇ ಬಿಡಲೇ?

ದಯಾನಂದ

*

ಹೆಗ್ಗದ್ದೆ
20 ಫೆಬ್ರವರಿ 2025

ದಯಾನಂದನಿಗೆ ವಿಶಾಲಮ್ಮನ ಆಶೀರ್ವಾದ.

ಅಮ್ಮಾ ಎಂದು ಬರೆದ ಮೇಲೆ ಇನ್ನು ಬಹುವಚನ ಇಲ್ಲ ಕಣಪ್ಪ.

ಸುಣ್ಣ ನೆನೆಹಾಕಿದ್ದೇನೆ. ಇಪ್ಪತ್ತೈದಕ್ಕೆ ಬಳಿಯುವುದು. ಈ ಸಲ ಹೇಮಶ್ರೀ ಎರಡು ದಿನ ರಜೆ ಹಾಕಿ ಬರುತ್ತಾಳೆ. ರವಿಯ ಮಗಳು ವಾಣಿಯೂ ಒಂದು ಪುಟ್ಟ ಕುಂಚ ಕಟ್ಟಿಸಿಕೊಂಡು ಕುಣಿಯುತ್ತಿದ್ದಾಳೆ. ಯಜಮಾನರು ಅಡ್ಡಗೆರೆ ಎಳೆದ ಫಾರಂ ಹಿಡಿದುಕೊಂಡು, "ಸಹಿ ಏನೋ ಚೆನ್ನಾಗೇ ಹಾಕಿದ್ದೆ, ಕೆಡಿಸ್ಬುಟ್ರು" ಎನ್ನುತ್ತಿದ್ದಾರೆ. ನೀನೂ ಹಬ್ಬಕ್ಕೆ ಬಂದುಬಿಡು. ಕುಂಚ ಕೊಡುವುದಿಲ್ಲ, ನೀರು ಹೊರಬಹುದು.

ಇನ್ನು ನೀನು ಕೇಳಿದ್ದು. ಕಾಗದ ಬಂದ ದಿನ ನಾನೂ ಯಜಮಾನರೂ ಗದ್ದುಗೆಯ ಕಟ್ಟೆಯ ಮೇಲೆ ಕೂತು ಮಾತಾಡಿದೆವು. ಆ ಮಗುವಿನ ಬಗ್ಗೆ ನಾವಿಬ್ಬರೂ ಕೂತು ಮಾತಾಡಿದ್ದು ಇದೇ ಮೊದಲು. ಯಾವ ಹೆಸರಿಡಬೇಕು ಎಂದಿದ್ದೆ ಆಗ ಎಂದು ಅವರು ಕೇಳಿದರು. ಆಗ ಯೋಚಿಸಿದ್ದು ಬೇರೆ, ಈಗ ಬೇರೆ ಎಂದೆ. ಹೇಳಿದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡು, ಅದೇ ಸರಿ ಎಂದರು.

ನಮ್ಮಲ್ಲಿ ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದು ವಾಡಿಕೆ. ನನ್ನ ಅತ್ತೆಯ ಹೆಸರು ಇಂದ್ರಮ್ಮ. ಜಾಗ ಖಾಲಿ ಬಿಡಬೇಡ. ಇಂದ್ರಮ್ಮ ಎಂದು ಬರೆ, ಸ್ವಲ್ಪ ದಪ್ಪ ಅಕ್ಷರದಲ್ಲಿ ಬರೆ.

ಇಂತಿ ನಿನ್ನ,
ವಿಶಾಲಮ್ಮ